ತವರಿಗೆ ತಂದ ಒಂದು ಹಿಡಿ ಮಣ್ಣು

ಬನ ಮುಚ್ಚಿದ ಎಂಬತ್ತೊಂದನೆಯ ವರ್ಷ,
ಆಶ್ವೀಜದ ನಲವತ್ತೊಂದನೆಯ ದಿನ,
ಕಲ್ಲುಜಡ್ಡಿಯ ಕಾಲ್ಮನೆಯಿಂದ.

ನನ್ನ ಅಜ್ಜಿಯ ಅಜ್ಜಿ ಪ್ರಮೀಳಾಗೆ,

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡ. ಬರೆಯುವವಳಿಗೆ ಅರಳುಮರಳೂ ಆಗಿಲ್ಲ. ನಮ್ಮ ಕಾಲದಲ್ಲಿ ಮಳೆ ಪೂರ್ತಿ ಬಿಟ್ಟುಹೋಗುವ ತನಕ ಆಶ್ವೀಜವನ್ನು ಮುಗಿಸುವುದಿಲ್ಲ. ಮಳೆಯೇ ಪಂಚಾಂಗದ ಮಾತು ಕೇಳದಿರುವಾಗ ನಾವು ಪಂಚಾಂಗ ಹಿಡಿದು ಕೂತು ಮಾಡುವುದೇನು? ನಿನ್ನ ಲೆಕ್ಕದಲ್ಲಿ ಇದು ಎರಡು ಸಾವಿರದ ನೂರ ಅರವತ್ತಮೂರನೆಯ ಇಸವಿ. ಮಾತುಗಳೂ ಅಲ್ಲಲ್ಲಿ ನಿನಗೆ ಹೊಸದೆನ್ನಿಸಬಹುದು, ಮನ್ನಿಸು. ನೀನು ಬಳಸುತ್ತಿದ್ದ ಎಷ್ಟೋ ಪದಗಳ ಸಾಮಾನು ಈಗ ಇಲ್ಲ, ನಮ್ಮಲ್ಲಿರುವ ಸಾಮಾನಿಗೆ ನಿನ್ನ ಹತ್ತಿರ ಪದವಿಲ್ಲ. ಇನ್ನೊಂದು ತೊಡಕೂ ಇದೆ. ಈ ಓಲೆ ಓದುವ ಹೊತ್ತಿಗೆ ನಿನಗೆ ಮೂವತ್ತು ವರ್ಷ, ನನಗೆ ಅರವತ್ತೊಂದು. ಸಂಬಂಧದಲ್ಲಿ ನೀನು ಅಜ್ಜಿಯ ಅಜ್ಜಿ, ವಯಸ್ಸಿನಲ್ಲಿ ನನಗೆ ಮಗಳಾಗಬಹುದು. ಆದ್ದರಿಂದ ನೀನು ಎಂದೇ ಕರೆಯುತ್ತೇನೆ. ಅಜ್ಜಿಯರನ್ನು ನಾವು ಯಾವತ್ತೂ ಹಾಗೆಯೇ ಕರೆದದ್ದು.

ನಮ್ಮಲ್ಲಿ ಹಿಂದೋಲೆ ಎಂಬ ರೂಢಿಯಿದೆ. ಅರವತ್ತು ದಾಟಿದವರು ಒಂದು ಸಲ, ತಮಗಿಂತ ಹಿಂದೆ ಬಾಳಿಹೋದ ಯಾರಾದರೊಬ್ಬರಿಗೆ ಕಾಗದ ಬರೆದು, ಊರವರ ಮುಂದೆ ಗಟ್ಟಿಯಾಗಿ ಓದಬೇಕು. ತಲುಪುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಹೆಚ್ಚಿನವರು ಬರೆಯುವುದು ಬಂಗಾರ ಎಲ್ಲಿ ಹೂತಿಟ್ಟೆ ಮಾರಾಯ ಎಂದು. ನಾನು ಮಾತ್ರ ಬೈಯುವುದಕ್ಕೆಂದೇ ನಿನ್ನನ್ನು ಆರಿಸಿಕೊಂಡಿದ್ದೆ. ವರ್ಷಗಟ್ಟಲೆ ಒಳ್ಳೊಳ್ಳೆಯ ಬೈಗುಳಗಳನ್ನು ಕೂಡಿಟ್ಟಿದ್ದೆ, ಉಪ್ಪಿನಕಾಯಿಗೆ ಮಿಡಿ ಕೂಡಿಟ್ಟ ಹಾಗೆ. ಈ ಭೂಮಿಹುಣ್ಣಿಮೆಯ ದಿನ ನಡೆದದ್ದರಿಂದ ಅವೆಲ್ಲ ಕೈಬಿಟ್ಟುಹೋದವು. ಈಗ ಬರೆಯುತ್ತಿರುವುದು ಬೇರೆ ಕಾಗದ.

ನನ್ನ ಹೆಸರು ಗುತ್ಯಮ್ಮ. ನಮ್ಮೂರ ಚೌಡಿಬನದ ಬಾಗಿಲಲ್ಲಿ ನಾನು ಕಾಲ್ಕಾವಲಿನವಳು. ಅಂದರೆ ಬಂದವರ ಕಾಲು ತೊಳೆಸುವವಳು, ಒಳಗೆ ಬಿಡದವಳು. ನೀನು ಬಲ್ಲ ಬನಕ್ಕೆ ಬಾಗಿಲೇ ಇರಲಿಲ್ಲ ಎಂದು ಕೇಳಿದ್ದೇನೆ. ಜಡ್ಡಿಯ ಜೌಗುನೆಲದ ಕೆಸರಿನಲ್ಲಿ ಮೊಣಕಾಲ ತನಕ ಹೂತುಕೊಂಡು, ರಾಮಪತ್ರೆ ಮರಗಳ ಮಂಡಿಬೇರು ಹಿಡಿದುಕೊಂಡು ಮಕ್ಕಳು ಆಡುತ್ತಿದ್ದರಂತೆ. ನೀರಿನಿಂದ ಮೇಲೆದ್ದು ಮಡಿಚಿದ ಮಂಡಿಯ ಹಾಗೆ ನಿಂತ ಆ ಬೇರುಗಳ ಮೇಲೆ ಬಟ್ಟೆ ಒಣಗಿಸುತ್ತಿದ್ದಿರಂತೆ. ಈಗ ಬನಕ್ಕೆ ಒಂದೇ ದಾರಿ, ಅದಕ್ಕೆ ಅಡ್ಡವಾಗಿ ಕಾಲ್ಮನೆ. ಬಂದವರು ಚಪ್ಪಲಿಯನ್ನು ಹೊರಗೆ ಬಿಡಬೇಕು. ಉಗುರಿನ ಸಂದಿಯ ಮಣ್ಣನ್ನು ತೆಂಗಿನ ನಾರಿನಿಂದ ತಿಕ್ಕಬೇಕು. ತಡೆಯಲಾರದಷ್ಟು ಬಿಸಿನೀರಿನಲ್ಲಿ ಕಾಲಿಟ್ಟು, ಸ್ಪಿರಿಟಿನಲ್ಲಿ ಒರೆಸಿ, ಬಿಸಿಲುಕಲ್ಲಿನ ಮೇಲೆ ನಿಂತು ಒಣಗಿಸಬೇಕು. ಇಷ್ಟೆಲ್ಲ ಮಾಡಿದವರಿಗೂ ಒಳಗೆ ಹೋಗಲು ಅಪ್ಪಣೆಯಿಲ್ಲ, ಹೊರಗಲ್ಲಿನ ಹತ್ತಿರ ನಿಂತು ಕೈಮುಗಿಯಬಹುದು. ಒಳಗೆ ಹೋಗುವವಳು ನಾನೊಬ್ಬಳೇ. ಅದೂ ವರ್ಷಕ್ಕೆ ಎರಡು ಸಲ, ಬನ ಬಿಟ್ಟು ಎಂದೂ ಹೊರಗೆ ಬರದ ಮರದ ಹಾವುಗೆ ಮೆಟ್ಟಿಕೊಂಡು, ಉಳಿದ ಮರಗಳನ್ನು ಎಣಿಸಿ ಬರಲು.

ಕಾಲು ತೊಳೆಯುವುದು ಬನಕ್ಕಷ್ಟೇ ಅಲ್ಲ. ನಮ್ಮ ಬದುಕಿನ ಅರ್ಧ ಅದರಲ್ಲೇ ಕಳೆಯುತ್ತದೆ. ಬಸ್ಸಿನ ಬಾಗಿಲಲ್ಲಿ ಬಿಸಿಹಾಸು ಇದೆ, ಅಂಗಾಲಿಗೆ ಚುರುಕು ಮುಟ್ಟಿಸಿಯೇ ಒಳಗೆ ಬಿಡುತ್ತದೆ. ಒಂದು ಕಣಿವೆಯ ಗುದ್ದಲಿ ಇನ್ನೊಂದು ಕಣಿವೆಗೆ ಹೋಗುವಂತಿಲ್ಲ. ನೆಂಟರ ಮನೆಗೆ ಕೆಲಸಕ್ಕೆ ಹೋದರೆ ಅವರ ಗುದ್ದಲಿಯನ್ನೇ ಹಿಡಿಯಬೇಕು, ಅದು ಎಷ್ಟೇ ಮೊಂಡಾಗಿರಲಿ. ಕುಂಡದಲ್ಲಿ ಗಿಡ ಕೊಂಡೊಯ್ಯುವುದನ್ನು ನಮ್ಮ ಮಕ್ಕಳು ಕಂಡೇ ಇಲ್ಲ. ತೊಳೆದು ಒಣಗಿಸಿದ ಬೀಜ ಮಾತ್ರ ಊರು ದಾಟಬಹುದು. ಪೇಟೆಯ ಗಡಿಯಲ್ಲಿ ಬೇರುನಾಯಿಗಳಿವೆ, ಕೊಳೆತ ಬೇರಿನ ವಾಸನೆ ಹಿಡಿಯಲು ಪಳಗಿಸಿದವು. ಹೋದ ವರ್ಷ ಒಂದು ನಾಯಿ ಮದುಮಗನ ಚೀಲದ ಮುಂದೆ ಕೂತು ಏಳಲೇ ಇಲ್ಲ. ಚೀಲ ಬಿಚ್ಚಿದರೆ ಅತ್ತೆಗೆಂದು ಕದ್ದು ತಂದ ಮಲ್ಲಿಗೆ ಬಳ್ಳಿ. ಮುಹೂರ್ತ ತಪ್ಪಿತು, ಬಳ್ಳಿ ಬೆಂಕಿಗೆ ಹೋಯಿತು. ಅತ್ತೆ ಮಾತ್ರ ಇವತ್ತಿಗೂ ಆ ಅಳಿಯನನ್ನು ಹೊಗಳುತ್ತಾಳೆ.

ಇದಕ್ಕೆಲ್ಲ ಕಾರಣವಾದದ್ದನ್ನು ನಾವು ನೀರ್ಬೇನೆ ಎನ್ನುತ್ತೇವೆ. ನಿನ್ನ ಕಾಲದ ವಿಜ್ಞಾನಿಗಳು ಅದಕ್ಕೆ ಉದ್ದದ ಹೆಸರಿಟ್ಟಿದ್ದರು. ಅದು ಹುಳವಲ್ಲ, ಬೂಷ್ಟಿನಂಥ ಒಂದು ಜೀವ. ಕಣ್ಣಿಗೆ ಕಾಣದು. ಒದ್ದೆ ಮಣ್ಣಿನಲ್ಲಿ ಈಜುತ್ತದೆ, ಒಣಗಿದರೆ ವರ್ಷಗಟ್ಟಲೆ ಮುದುಡಿ ಮಲಗಿ ಕಾಯುತ್ತದೆ. ಬೇರೆ ದೇಶಗಳಿಂದ ಗಿಡ ತರಿಸಿ ಮಾರುತ್ತಿದ್ದವರ ಕುಂಡದ ಮಣ್ಣಿನಲ್ಲಿ ಕೂತು ಬಂದದ್ದು. ಅದರ ಹುಟ್ಟೂರಿನ ಮರಗಳಿಗೆ ಅದರ ಗುಣ ಗೊತ್ತಿತ್ತು, ಸಾವಿರಾರು ವರ್ಷ ಜಗಳವಾಡಿ ಒಂದು ಹೊಂದಾಣಿಕೆಗೆ ಬಂದಿದ್ದವು. ನಮ್ಮ ಮರಗಳಿಗೆ ಗೊತ್ತಿರಲಿಲ್ಲ. ಮೊದಲು ತುದಿಯ ಎಲೆ ಹಳದಿಯಾಗುತ್ತದೆ. ಆಮೇಲೆ ಮಂಡಿಬೇರು ಕಪ್ಪಾಗಿ ಮೆತ್ತಗಾಗುತ್ತದೆ. ಬುಡದ ತೊಗಟೆ ಒಡೆದು ಕೆಂಪು ಅಂಟು ಇಳಿಯುತ್ತದೆ. ಅದನ್ನು ನೋಡಿದ ನನ್ನ ಅಜ್ಜಿಗೆ ಒಂದು ವಾರ ಅನ್ನ ಸೇರಲಿಲ್ಲವಂತೆ.

ಮರ ಬಿದ್ದರೆ ಏನಾಯಿತು ಎನ್ನುವವರು ಆಗಲೂ ಇದ್ದರು. ರಾಮಪತ್ರೆ ಹಣ್ಣು ಇಲ್ಲವಾದ ಮೇಲೆ ಮಂಗಟ್ಟೆ ಹಕ್ಕಿಗಳು ಬರುವುದನ್ನು ಬಿಟ್ಟವು. ಆ ಹಕ್ಕಿ ಹಾರುವಾಗ ರೆಕ್ಕೆಯ ಸದ್ದು ಮನೆಯೊಳಗೂ ಕೇಳುತ್ತಿತ್ತಂತೆ, ನಾನು ಕೇಳಿಲ್ಲ. ಬೇರುಗಳು ಹಿಡಿದಿಟ್ಟುಕೊಂಡಿದ್ದ ನೀರು ನಿಲ್ಲಲಿಲ್ಲ. ಎಂಥ ಬೇಸಿಗೆಯಲ್ಲೂ ಬತ್ತದ ಜಡ್ಡಿಯ ಹಳ್ಳ ಯುಗಾದಿಗೇ ಬತ್ತತೊಡಗಿತು, ಎರಡನೆಯ ಬೆಳೆ ನಿಂತಿತು. ಇಪ್ಪತ್ತು ವರ್ಷದಲ್ಲಿ ಆರುನೂರು ಮರಗಳಿದ್ದ ಬನದಲ್ಲಿ ಉಳಿದದ್ದು ಹದಿನಾಲ್ಕು. ಅವು ಮೇಲುಗಡೆಯವು, ಹಳ್ಳ ಹುಟ್ಟುವ ಕಡೆಯವು. ಬೇನೆ ನೀರಿನ ಜೊತೆ ಕೆಳಗಿಳಿಯಿತೇ ಹೊರತು ಮೇಲೆ ಹತ್ತಲಿಲ್ಲ. ಮೇಲೆ ಹತ್ತಬೇಕಾದರೆ ಅದಕ್ಕೆ ಯಾರದ್ದಾದರೂ ಕಾಲು ಬೇಕು.

ಇನ್ನು ನಿನ್ನ ವಿಷಯ. ನಮ್ಮೂರಿನದೇ ಒಂದು ಪದ್ಧತಿ ಇತ್ತಲ್ಲ, ಬೇರೆ ಊರಿನವರು ಕೇಳಿ ನಗುತ್ತಿದ್ದದ್ದು. ಭೂಮಿಹುಣ್ಣಿಮೆಗೆ, ಭೂತಾಯಿಗೆ ಬಯಕೆ ಬಡಿಸುವ ದಿನ, ಕೊಟ್ಟ ಹೆಣ್ಣುಮಕ್ಕಳೆಲ್ಲ ತವರಿಗೆ ಬರುತ್ತಿದ್ದರು. ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆದ ಬುಟ್ಟಿಯಲ್ಲಿ ಕಡುಬು, ಅಂಬಲಿ, ಹೀರೇಕಾಯಿ ಪಲ್ಯ. ಅದರ ಅಡಿಯಲ್ಲಿ ಎಲೆಯಲ್ಲಿ ಸುತ್ತಿದ ಒಂದು ಹಿಡಿ ಮಣ್ಣು. ಗಂಡನ ಮನೆಯ ಜಮೀನಿನಲ್ಲಿ ಯಾವ ಮೂಲೆ ಸೊರಗಿದೆಯೋ ಆ ಮೂಲೆಯ ಮಣ್ಣು. ಅದನ್ನು ಬನದಲ್ಲಿ ಒಂದು ಮರದ ಬುಡಕ್ಕೆ ಹಾಕಿ, ನೋಡು ತಾಯಿ ಎಂದು ಚೌಡಿಗೆ ಒಪ್ಪಿಸಿ ಬರುವುದು. ಎಷ್ಟೋ ತಲೆಮಾರು ಹೀಗೆ ಸುತ್ತಲಿನ ಊರುಗಳ ರೋಗವೆಲ್ಲ ಹಿಡಿಹಿಡಿಯಾಗಿ ಬಂದು ಬನಕ್ಕೆ ಸೇರಿತು. ಅವು ನಮ್ಮ ನೆಲದ ಹಳೆಯ ರೋಗಗಳು, ಮರಗಳು ಅರಗಿಸಿಕೊಂಡವು. ಚೌಡಿ ವಾಸಿಮಾಡಿದಳು ಎಂದು ಜನ ನಂಬಿದರು. ಯಾರನ್ನು ತಪ್ಪೆನ್ನಲಿ?

ನಿನ್ನ ಗಂಡ ಬೆಣ್ಣೆಹಣ್ಣಿನ ಸಸಿ ತಂದು ನೆಟ್ಟಿದ್ದ. ಹೊರದೇಶದ ತಳಿ, ಬೇಗ ಫಲ ಬರುತ್ತದೆ ಎಂದು ಮಾರಿದವನು ಹೇಳಿದ್ದ. ಎರಡನೆಯ ಮಳೆಗಾಲಕ್ಕೆ ಒಂದು ಮೂಲೆಯ ಸಸಿಗಳು ಹಳದಿಯಾದವು. ನೀನು ಆ ಮೂಲೆಯದೇ ಒಂದು ಹಿಡಿ ತಂದೆ. ಬನದ ಎಲ್ಲಕ್ಕಿಂತ ದೊಡ್ಡ ಮರಕ್ಕೇ ಹಾಕಿದೆ, ಏಕೆಂದರೆ ನಿನ್ನ ಕಷ್ಟ ದೊಡ್ಡದು. ಇದನ್ನು ನಮಗೆ ಯಾರೂ ಹುಡುಕಿ ಹೇಳಿದ್ದಲ್ಲ. ಎಪ್ಪತ್ತನಾಲ್ಕು ವರ್ಷದ ಮುದುಕಿಯಾಗಿ ಹಾಸಿಗೆ ಹಿಡಿದಾಗ ನೀನೇ ಹೇಳಿದೆ. "ಆ ಮಣ್ಣು ತಂದೋಳು ನಾನೇ ಕಣೇ. ಬ್ಯಾರೆ ಯಾರ ಹೆಸ್ರೂ ಎತ್ತಬ್ಯಾಡಿ" ಎಂದೆಯಂತೆ. ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೇಳಿದೆ. ಊರ ಬಾಯಿಗೆ ಮುಚ್ಚಳವಿಲ್ಲ. ಅಂದಿನಿಂದ ನಮ್ಮೂರಲ್ಲಿ ಕೆಸರುಗಾಲಲ್ಲಿ ಮನೆಯೊಳಗೆ ಬಂದ ಮಗುವಿಗೆ ಪ್ರಮೀಳಾ ಎಂದು ಗದರುತ್ತಾರೆ. ನಾನೂ ಗದರಿದ್ದೇನೆ.

ಸೋದರಮಾವನ ಮನೆಗೆ ಸೊಸೆಯಾಗಿ ಇದೇ ಊರಿಗೆ ಬಂದಿದ್ದ ನಿನ್ನ ಮೊಮ್ಮಗಳು ಬಂಗಾರಮ್ಮ, ಅಂದರೆ ನನ್ನ ಅಜ್ಜಿ, ಆ ಹೆಸರನ್ನು ಹೊತ್ತುಕೊಂಡಳು. ಒಂದು ಹುಣ್ಣಿಮೆಯ ಬೆಳಗ್ಗೆ ಬಿದಿರಿನ ಗಳ ಹಿಡಿದು ಬನದ ದಾರಿಗೆ ಅಡ್ಡ ನಿಂತಳು. "ಒಳಗೆ ಕಾಲಿಟ್ರೆ ಕಾಲು ಮುರಿತೀನಿ. ಚೌಡಿಗೆ ಸಿಟ್ಟು ಬಂದ್ರೆ ನನ್ನ ನುಂಗ್ಲಿ" ಎಂದಳು. ಚೌಡಿ ನುಂಗಲಿಲ್ಲ. ಬನ ಮುಚ್ಚಿತು, ಆ ವರ್ಷದಿಂದಲೇ ನಮ್ಮ ಲೆಕ್ಕ ಶುರು. ಕಾಲ್ಮನೆಯ ಕೆಲಸ ಅಜ್ಜಿಯಿಂದ ಅವ್ವನಿಗೆ, ಅವ್ವನಿಂದ ನನಗೆ ಬಂತು. ಅದಕ್ಕಾಗಿ ನಮ್ಮ ಮನೆಗೆ ಅಳಿಯಂದಿರನ್ನೇ ತರುತ್ತಾರೆ. ನನ್ನ ಒಬ್ಬಳೇ ಮಗಳು ಕೆರಿಯಮ್ಮ ಮಾತ್ರ ಹಟ ಹಿಡಿದು ಹೊಳೆಯಾಚೆಯ ಹುಡುಗನನ್ನು ಮೆಚ್ಚಿ ಹೋದಳು. ಹೋಗಲಿ ಎಂದೆ. ಹೆತ್ತವರಿಗೆ ಹೆಗ್ಗಣ ಮುದ್ದು.

ಈ ಸಲದ ಹುಣ್ಣಿಮೆಗೆ ಕೆರಿಯಮ್ಮ ಏಳು ತಿಂಗಳ ಬಸುರಿಯಾಗಿ ಬಂದಳು. ಹಬ್ಬ ಮುಗಿಸಿ ಇಲ್ಲೇ ಉಳಿಯುವುದು, ಹೆರಿಗೆ ಬಾಣಂತನ ಮುಗಿಸಿಯೇ ಹೋಗುವುದು ಎಂದು ಮಾತಾಗಿತ್ತು. ನಾನು ತೊಟ್ಟಿಲು ಇಳಿಸಿ ತೊಳೆದಿಟ್ಟಿದ್ದೆ. ಹಬ್ಬದ ದಿನ ಹೆಂಗಸರೆಲ್ಲ ಬುಟ್ಟಿ ಹೊತ್ತು ಕಾಲ್ಮನೆಯ ಮುಂದೆ ಸಾಲುಗಟ್ಟಿದ್ದರು. ಪ್ರತಿ ಬುಟ್ಟಿಗೂ ಕೈಹಾಕಿ ನೋಡುವುದು ನನ್ನ ಕೆಲಸ. ಮಗಳೆಂದು ಬಿಟ್ಟರೆ ನಾಳೆ ಊರವರ ಮುಂದೆ ಮುಖ ಎತ್ತುವುದು ಹೇಗೆಂದು ಅವಳ ಬುಟ್ಟಿಗೂ ಕೈಹಾಕಿದೆ. ಕಡುಬಿನ ಅಡಿಯಲ್ಲಿ ತಣ್ಣಗೆ, ಮೆತ್ತಗೆ, ಎಲೆಯ ಪೊಟ್ಟಣ ಸಿಕ್ಕಿತು.

ಅವಳು ನನ್ನ ಕೈ ಹಿಡಿದುಕೊಂಡಳು. ಹೊಳೆಯಾಚೆ ಅವರ ಮೆಣಸಿನ ಬಳ್ಳಿಗಳು ಸಾಲುಸಾಲಾಗಿ ಸೊರಗುತ್ತಿವೆಯಂತೆ. ನನಗೆ ಅದು ಗೊತ್ತೇ ಇರಲಿಲ್ಲ. "ಔಷ್ದಿ ಹೊಡ್ದಾತು, ಬೇರು ತೆಗ್ದು ತೋರ್ಸಾತು, ಇನ್ನೆಂತ ಮಾಡದು ಅವ್ವಾ? ಒಂದೇ ಹಿಡಿ. ಚೌಡಿ ಕಾಲಿಗೆ ಹಾಕಿ ಬತ್ತೀನಿ. ನೀ ನೋಡ್ಲಿಲ್ಲ ಅಂತ ಮಾಡ್ಕ" ಎಂದಳು. ಚಿಕ್ಕಂದಿನಲ್ಲಿ, ನೆಲಕ್ಕೆ ಕಾಲು ತಾಗದ ಹಾಗೆ, ನನ್ನ ಸೊಂಟದ ಮೇಲೆ ಕೂತು ಬನದೊಳಗೆ ಬಂದವಳು ಅವಳು, ಹದಿನಾಲ್ಕು ಮರಗಳಿಗೂ ಅವಳೇ ಹೆಸರಿಟ್ಟದ್ದು. ಆ ಮರಗಳ ಬುಡಕ್ಕೇ ಅದನ್ನು ಹಾಕಲು ಹೊರಟಿದ್ದಳು. ನನ್ನ ಮೈ ಉರಿದುಹೋಯಿತು. ಮೂವತ್ತು ಹೆಂಗಸರ ಮುಂದೆ, ಬಸುರಿ ಎಂದೂ ನೋಡದೆ, "ನೀನೂ ಪ್ರಮೀಳನೇ ಆದೆಯಲ್ಲೇ!" ಎಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನು ಪೊಟ್ಟಣವನ್ನು ಕಬ್ಬಿಣದ ಕಾವಲಿಗೆ ಸುರಿದು, ಒಲೆಯ ಮೇಲಿಟ್ಟು, ಮಣ್ಣು ಬೂದಿಬಣ್ಣಕ್ಕೆ ತಿರುಗುವ ತನಕ ಹುರಿದೆ. ನಿಯಮ ಹಾಗೆಯೇ ಇರುವುದು.

ಕೆರಿಯಮ್ಮ ಅಷ್ಟು ಹೊತ್ತೂ ಮೆಟ್ಟಿಲ ಮೇಲೆ ಕೂತು ನೋಡಿದಳು. ಅಳಲಿಲ್ಲ. ಎದ್ದು ಬುಟ್ಟಿ ಎತ್ತಿಕೊಂಡು, "ನಿಂಗೆ ಮಣ್ಣು ಕಂಡ್ತು. ಯಾಕೆ ತಂದೆ ಅಂತ ಒಂದು ಮಾತು ಕೇಳ್ಲಿಲ್ಲ" ಎಂದಳು. ಅಂದೇ ಹೊಳೆ ದಾಟಿ ಹೊರಟುಹೋದಳು. ಇವತ್ತಿಗೆ ಇಪ್ಪತ್ತಾರು ದಿನ. ಹೆರಿಗೆ ಅಲ್ಲೇ ಮಾಡಿಸಿಕೊಳ್ಳುತ್ತಾಳಂತೆ, ನನ್ನ ಕೈಯ ಬಾಣಂತನ ಬೇಡವಂತೆ. ಅಳಿಯ ಹೇಳಿ ಕಳಿಸಿದ್ದಾನೆ.

ಪ್ರಮೀಳಾ, ಈ ಇಪ್ಪತ್ತಾರು ದಿನ ನಾನು ನಿನ್ನ ಬಗ್ಗೆ ಯೋಚಿಸಿದಷ್ಟು ಇಡೀ ಜೀವಮಾನದಲ್ಲಿ ಯೋಚಿಸಿರಲಿಲ್ಲ. ಮಣ್ಣನ್ನು ತಡೆದದ್ದು ಸರಿ. ನೂರು ಸಲ ತಂದರೆ ನೂರು ಸಲ ಹುರಿಯುತ್ತೇನೆ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ಮಣ್ಣು ಯಾಕೆ ಬರುತ್ತಿತ್ತು ಎನ್ನುವುದು ಕಾಲ್ಮನೆಯಲ್ಲಿ ನಲವತ್ತು ವರ್ಷ ಕೂತ ನನಗೆ ಹೊಳೆದಿರಲಿಲ್ಲ. ಗಂಡನ ಮನೆಯ ಕಷ್ಟವನ್ನು ತವರಲ್ಲಿ ಆಡಬಾರದು ಎಂದು ಕಲಿಸಿ ಕಳಿಸಿದವರು ನಾವು. ಆಡಿದರೆ ಎರಡು ಮನೆಯ ಮಾನವೂ ಹೋಗುತ್ತದೆ ಎಂದೆವು. ಬಾಯಿ ಕಟ್ಟಿದ ಹೆಣ್ಣುಮಕ್ಕಳು ಒಂದು ಹಿಡಿ ಮಣ್ಣು ತಂದು, ಅದೇ ಹೇಳಲಿ ಎಂದು ಮರದ ಬುಡಕ್ಕೆ ಸುರಿದರು. ನೀನು ಮುದುಕಿಯಾಗಿ ಹೇಳಿದ ಮಾತಿನಲ್ಲಿ ಇನ್ನೊಂದು ತುಂಡಿದೆ, ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ್ದು. ನೀನು ಬುಟ್ಟಿ ಇಳಿಸಿದಾಗ ನಿನ್ನ ಅವ್ವ ಪಕ್ಕದಲ್ಲೇ ಇದ್ದಳಂತೆ. "ಎಲ್ಲ ಅರಾಮನೇ?" ಎಂದು ಕೇಳಿದಳಂತೆ. ನೀನು "ಅರಾಮು" ಎಂದೆಯಂತೆ. ಆಗ ಮನೆಯಲ್ಲಿ ನಿನ್ನ ಗಂಡ ಊಟ ಬಿಟ್ಟು ಹತ್ತು ದಿನವಾಗಿತ್ತು.

ಬೇನೆ ತಂದವರು ನೀವು ಹೆಂಗಸರು ಎಂದು ನಾನು ಹೇಳುತ್ತಿಲ್ಲ. ಕುಂಡದ ಮಣ್ಣನ್ನು ಪರೀಕ್ಷೆ ಮಾಡದೆ ಹಡಗಿನಿಂದ ಇಳಿಸಿಕೊಂಡವರಿದ್ದರು, ಗೊತ್ತಿದ್ದೂ ಮಾರಿದವರಿದ್ದರು, ಎಲೆ ಹಳದಿಯಾದಾಗ ಗೊಬ್ಬರ ಸಾಲದು ಎಂದವರಿದ್ದರು. ಅವರ ಹೆಸರು ಹಿಡಿದು ಯಾವ ಮಗುವನ್ನೂ ಯಾರೂ ಗದರುವುದಿಲ್ಲ. ಒಪ್ಪಿಕೊಂಡವಳು ನೀನೊಬ್ಬಳು, ಅದಕ್ಕೇ ಬೈಗುಳವಾದವಳೂ ನೀನೊಬ್ಬಳು. ಇದು ಅನ್ಯಾಯ ಎಂದು ಊರವರ ಮುಂದೆ ಈ ಓಲೆ ಓದುವಾಗ ಗಟ್ಟಿಯಾಗಿ ಹೇಳುತ್ತೇನೆ. ಕೆಲವರು ಎದ್ದು ಹೋಗಬಹುದು, ಹೋಗಲಿ.

ನಾಳೆ ನಾನು ಹೊಳೆಯಾಚೆ ಹೊರಟಿದ್ದೇನೆ. ಅವರೂರಿನ ಕಾಲ್ಮನೆಯಲ್ಲಿ ಯಾರೋ ಒಬ್ಬಳು ನನ್ನ ಉಗುರು ತಿಕ್ಕಿಸಿ ಬಿಸಿನೀರಿಗಿಳಿಸುತ್ತಾಳೆ. ಇಳಿಯುತ್ತೇನೆ. ಬಾಣಂತಿಗೆ ಬೇಕಾದ ಶುಂಠಿ, ಅರಿಶಿನದ ಬೇರುಗಳನ್ನು ಕೊಂಡೊಯ್ಯುವಂತಿಲ್ಲ, ಹಾಗಾಗಿ ಕೈ ಖಾಲಿ. ಮೊದಲು ಬಳ್ಳಿಗಳನ್ನು ನೋಡುತ್ತೇನೆ, ಒಂದೊಂದನ್ನೂ ನಿಂತು ನೋಡುತ್ತೇನೆ. ಆಮೇಲೆ ಅವಳ ಬಾಗಿಲಲ್ಲಿ ಕೂತು, ಆ ದಿನ ಕೇಳಬೇಕಾಗಿದ್ದದ್ದನ್ನು ಕೇಳುತ್ತೇನೆ. ಅವಳು ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು, ಹಟಕ್ಕೆ ಕಡಿಮೆಯಿಲ್ಲ, ಬಾಗಿಲು ತೆಗೆಯದಿರಲೂಬಹುದು. ನನಗೆ ನಿಜವಾಗಿ ಹೆದರಿಕೆಯಾಗಿದೆ. ಮರ ಉಳಿಸಲು ಹೋಗಿ ಮಗಳನ್ನು ಕಳೆದುಕೊಂಡೆನೇನೋ ಎಂದು ಒಲೆಯ ಮುಂದೆ ಕೂತಾಗಲೆಲ್ಲ ಅನ್ನಿಸುತ್ತದೆ.

ನಿನ್ನ ಕಡೆ ಭೂಮಿಹುಣ್ಣಿಮೆ ಇನ್ನೂ ಬಂದಿಲ್ಲ ಎಂದುಕೊಂಡು ಒಂದು ಮಾತು ಕೇಳುತ್ತೇನೆ, ನಡೆಸಿಕೊಡು. ಈ ಸಲವೂ ತವರಿಗೆ ಹೋಗು. ಕಡುಬು ಮಾಡು, ಬುಟ್ಟಿಗೆ ಚಿತ್ತಾರ ಬರೆ, ಒಳ್ಳೆಯ ಸೀರೆ ಉಡು. ಆ ಮೂಲೆಯ ಮಣ್ಣನ್ನು ಮಾತ್ರ ಮುಟ್ಟಬೇಡ, ಅದನ್ನು ತುಳಿದ ಚಪ್ಪಲಿಯನ್ನೂ ಹಾಕಿಕೊಂಡು ಹೋಗಬೇಡ. ಹಳದಿಯಾದ ಸಸಿಗಳನ್ನು ಬೇರಿನ ಮಣ್ಣಿನ ಸಮೇತ ಅಲ್ಲೇ ಸುಡಲು ಗಂಡನಿಗೆ ಹೇಳು. ಬಯ್ಯುತ್ತಾನೆ, ಬಯ್ಯಲಿ. ನೀನು ಇಷ್ಟು ಮಾಡಿದರೆ ನಮ್ಮೂರಿಗೆ ಕಾಲ್ಮನೆ ಬೇಕಾಗುವುದಿಲ್ಲ, ನನ್ನ ಈ ಕೆಲಸವೂ ಇರುವುದಿಲ್ಲ. ಬೇರೆ ಯಾವ ಕೆಲಸ ಮಾಡಿಕೊಂಡಿರುತ್ತೇನೋ ಗೊತ್ತಿಲ್ಲ. ನನ್ನ ಮಗಳು ಹೊಟ್ಟೆಯಲ್ಲಿ ಕೂಸನ್ನಿಟ್ಟುಕೊಂಡು ನನ್ನ ಮನೆಯಲ್ಲೇ ಇರುತ್ತಾಳೆ, ನನಗೆ ಅಷ್ಟು ಸಾಕು.

ಆಮೇಲೆ, ಬನದಲ್ಲಿ ಬುಟ್ಟಿ ಇಳಿಸಿದಾಗ ನಿನ್ನ ಅವ್ವ ಎಲ್ಲ ಅರಾಮನೇ ಎಂದು ಕೇಳುತ್ತಾಳೆ. ಇಲ್ಲ ಎನ್ನು. ಗಿಡ ಸಾಯುತ್ತಿವೆ, ಅವರು ಊಟ ಬಿಟ್ಟಿದ್ದಾರೆ, ನನಗೆ ದಿಕ್ಕೇ ತೋಚುತ್ತಿಲ್ಲ ಎಂದು ಚೌಡಿಗೂ ಕೇಳುವ ಹಾಗೆ, ಪಕ್ಕದ ಹೆಂಗಸರಿಗೂ ಕೇಳುವ ಹಾಗೆ ಬಾಯಿಬಿಟ್ಟು ಹೇಳು. ಮಾನ ಹೋಗುವುದಿಲ್ಲ. ಅವಳು ಮುಖ ತಿರುಗಿಸಿ ಕಡುಬು ಬಡಿಸಲು ಎದ್ದರೆ ಸೆರಗು ಹಿಡಿದು ಕೂರಿಸಿಕೋ, ಪೂರ್ತಿ ಕೇಳುವ ತನಕ ಬಿಡಬೇಡ.

ನಿನ್ನ ಮೊಮ್ಮಗಳ ಮೊಮ್ಮಗಳು,
ಗುತ್ಯಮ್ಮ